ಭೀಮೆಯ ತಿರುವಿನಲ್ಲಿ ಸನ್ನತಿ

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಮಹಾರಾಷ್ಟ್ರದ ಬಯಲನ್ನು ದಾಟಿ ಕಲಬುರಗಿ ಸೀಮೆಯನ್ನು ಪ್ರವೇಶಿಸುವ ಭೀಮಾನದಿಯು, ಶಹಾಬಾದಿಗೆ ಸಮೀಪದ ಹೊನಗುಂಟೆಯಲ್ಲಿ ಸೇಡಂ, ಮಳಖೇಡಗಳ ಕಡೆಯಿಂದ ಹರಿದು ಬರುವ ಕಾಗಿಣೆಯನ್ನು ತನ್ನೊಳಗೆ ಕೂಡಿಸಿಕೊಂಡು ದಕ್ಷಿಣಾಭಿಮುಖವಾಗಿ ಸಾಗಿ, ಬಾಗಿ ತಿರುಗುವೆಡೆಯಲ್ಲಿ, ಅದರ ಎಡದಂಡೆಯ ಮೇಲೆ ನೆಲೆಗೊಂಡಿರುವ ಪುಟ್ಟ ಗ್ರಾಮವೇ ಸನ್ನತಿ. ಚಿತ್ತಾಪುರ ತಾಲ್ಲೂಕಿನ ಈ ಊರನ್ನು ಸೇರಬಯಸುವವರು ವಾಡಿ–ರಾಯಚೂರು ರೈಲುಮಾರ್ಗದ ನಾಲವಾರ ನಿಲ್ದಾಣದಲ್ಲಿಳಿದು ರಸ್ತೆ ಹಿಡಿಯಬೇಕು. ಎದುರುದಂಡೆಯ ಹುರಸಗುಂಡಗಿ ಈಗ ಯಾದಗಿರಿ ಜಿಲ್ಲೆಗೆ ಸೇರಿದೆ.

ಇಲ್ಲಿಯ ನೆಲದ ಮೇಲ್ಪದರ ಜೋಳ, ತೊಗರಿ, ಹತ್ತಿಗಳನ್ನು ಬೆಳೆಯುವ ಎರೆಮಣ್ಣು. ಅದರ ಕೆಳಗೆ, ಜೀವರಾಶಿ ಇನ್ನೂ ಶೈಶವದಲ್ಲಿದ್ದ ಪುರಾತನ ಯುಗದಲ್ಲಿ ಜಲದ ತಳದಲ್ಲಿ ಪದರಪದರವಾಗಿ ಸಂಚಯಗೊಂಡ ಸುಣ್ಣಕಲ್ಲು. ಶಹಾಬಾದಿನ ಫರಸಿಯೆಂದು ನಾಡಿನ ಅಸಂಖ್ಯ ಮನೆಗಳ ನೆಲಕ್ಕೆ ಹಾಸಾಗಿರುವುದೂ, ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ಸಿಮೆಂಟಾಗುತ್ತಿರುವುದೂ ಈ ಕಲ್ಲೇ. ಹಲಗೆಯಂತೆ ಸೀಳಿ ಬರುವ, ಉಳಿಗೆ ಸುಲಭವಾಗಿ ಒಲಿಯುವ ಇಂಥ ಶಿಲೆ ಕಾಲ್ಬುಡದಲ್ಲಿಯೇ ದೊರೆತುದರಿಂದಲೂ, ನೀರಿಗೆ ನದಿಯಿದ್ದುದರಿಂದಲೂ, ಎರಡು ಸಾವಿರ ವರ್ಷಗಳ ಹಿಂದೆ ಇಲ್ಲಿ ನಗರವೊಂದು ಎದ್ದಿತೆಂಬುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಬಹುಕಾಲ ಜನ ಸನ್ನತಿಯನ್ನು ಬಲ್ಲದ್ದು ಚಂದ್ರಲಾಂಬಾದೇವಿಯ ಕ್ಷೇತ್ರವೆಂದು ಮಾತ್ರ. ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳಿಗೆ ಆಕೆ ಕುಲದೇವತೆ. ಐವತ್ತರ ದಶಕದಲ್ಲಿ ಸಂಶೋಧಕರಾದ ಕಪಟರಾಳ ಕೃಷ್ಣರಾಯರು ಇಲ್ಲಿಯ ಬ್ರಾಹ್ಮೀ ಶಾಸನಗಳತ್ತ ವಿದ್ವಾಂಸರ ಗಮನ ಸೆಳೆದ ಮೇಲೆ ಊರಿನ ಪ್ರಾಚೀನತೆ ಪಂಡಿತರಿಗೆ ತಿಳಿದಿತ್ತಾದರೂ, ಅದರ ನಿಜವಾದ ಘನತೆ ಬೆಳಕಿಗೆ ಬಂದುದು ಒಂದು ಅನಾಹುತದಿಂದ. 1986ರಲ್ಲಿ ದೇವಾಲಯದ ಆವರಣದೊಳಗಿನ ಕಾಳಿಕಾ ಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಅವಶೇಷಗಳನ್ನು ತೆರವು ಮಾಡುವಾಗ, ಮೂರ್ತಿಗೆ ಪೀಠವಾಗಿದ್ದ ದೊಡ್ಡ ಚಪ್ಪಡಿಯ ಎರಡು ಮೈಗಳಲ್ಲಿಯೂ ಮೌರ್ಯ ಚಕ್ರವರ್ತಿ ಅಶೋಕನ ಪ್ರಾಕೃತ ಶಾಸನಗಳು ಕಾಣಿಸಿಕೊಂಡವು.

ಕರ್ನಾಟಕದಲ್ಲಿ ಮಸ್ಕಿ, ಬ್ರಹ್ಮಗಿರಿ, ಕೊಪ್ಪಳ ಮೊದಲಾದೆಡೆಗಳಲ್ಲಿ ದೊರೆತಿರುವುವು ಅಶೋಕನ ಕಿರು ಶಿಲಾಶಾಸನಗಳು. ಸನ್ನತಿಯ ಚಪ್ಪಡಿಯಲ್ಲಿರುವುದಾದರೋ ಹಿರಿಯ ಶಾಸನಗಳ ಪೈಕಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು. ಇವುಗಳೊಡನೆ, ಅದುವರೆಗೆ ಕಳಿಂಗದ ಧೌಳಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳು. ಹನ್ನೆರಡನೆಯದು ಪರಮತಗಳ ವಿಷಯದಲ್ಲಿ ಗೌರವವನ್ನು ಬೋಧಿಸುತ್ತದೆ. ಪ್ರತ್ಯೇಕ ಶಾಸನಗಳಲ್ಲಿ ಅರಸನು ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಸಾರಿ, ನಿಷ್ಕಾರಣವಾಗಿ ಯಾರೂ ಸೆರೆಯನ್ನಾಗಲಿ ಕಿರುಕುಳವನ್ನಾಗಲಿ ಅನುಭವಿಸದಂತೆ ನೋಡಿಕೊಳ್ಳಬೇಕೆಂದು ಅಧಿಕಾರಿಗಳಿಗೆ ಆಜ್ಞಾಪಿಸುತ್ತಾನೆ. ಯುದ್ಧದಲ್ಲಿ ಜರ್ಜರಿತವಾದ ಕಳಿಂಗಕ್ಕೆಂದೇ ಹೊರಟಿತೆಂದು ಭಾವಿಸಿದ್ದ ಈ ಮಾತು ಭೀಮೆಯ ದಂಡೆಯ ಪ್ರಜೆಗೂ ಸಲ್ಲುತ್ತಿತ್ತೆಂಬುದು, ನನ್ನ ದೃಷ್ಟಿಯಲ್ಲಿ, ಸನ್ನತಿ ನಮಗೆ ಕೊಟ್ಟಿರುವ ಅತ್ಯಮೂಲ್ಯ ಸಂಗತಿ. ಮೂರ್ತಿಯನ್ನು ನಿಲ್ಲಿಸಲು ಯಾರೋ ಚಪ್ಪಡಿಯ ನಡುವೆ ಆಯತಾಕಾರದ ರಂಧ್ರ ಕೊರೆದುದರಿಂದ ಅಕ್ಷರಗಳು ಕೆಲವು ನಷ್ಟವಾದುವು ನಿಜ. ಆದರೆ ಉಳಿದ ಅಕ್ಷರಗಳನ್ನು ಮಳೆಗಾಳಿಗಳಿಂದ ಶತಮಾನಗಳ ಕಾಲ ಕಾಪಾಡಿದುದೂ ಆ ಗುಡಿಯೇ, ಆ ಪೂಜೆಯೇ.

ಗ್ರಾಮದಿಂದ ಸುಮಾರು ಮೂರು ಕಿಲೋಮೀಟರು ದೂರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಹಲವು ವರ್ಷ ನಡೆಸಿದ ಉತ್ಖನನದಲ್ಲಿ, ಶಾಸನಗಳು ಅಧೋಲೋಕ ಮಹಾಚೈತ್ಯವೆಂದು ಹೆಸರಿಸುವ ಬೃಹತ್ ಬೌದ್ಧಸ್ತೂಪ ಹೊರಬಿದ್ದಿತು. ಅದರ ಶಿಲ್ಪಫಲಕಗಳೆಲ್ಲ ಸ್ಥಳೀಯ ಸುಣ್ಣಕಲ್ಲಿನವು. ಜಾತಕಕಥೆಗಳೂ ಬುದ್ಧನ ಜೀವನಪ್ರಸಂಗಗಳೂ ಅಲ್ಲಿವೆ. ಶಾತವಾಹನ ಅರಸರೂ ಹೆಸರು ಸಹಿತವಾಗಿ ಕಾಣಬರುತ್ತಾರೆ. ಒಂದೆಡೆ ಶಾತಕರ್ಣಿಯು ಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ. ಇನ್ನೊಂದೆಡೆ ಪುಳುಮಾವಿಯು ಉಜ್ಜಯಿನಿಯನ್ನು ದಾನವಾಗಿ ಬಿಟ್ಟುಕೊಡುತ್ತಿದ್ದಾನೆ. ರಾಣಿ ಪರಿಚಾರಿಕೆಯರೊಡನೆ ನಿಂತ ಒಬ್ಬ ಅರಸನ ಬಳಿ ‘ರಾಯೋ ಅಸೋಕೋ’ ಎಂದು ಕೆತ್ತಿದೆ. ಇದು ಅಶೋಕನು ಗತಿಸಿ ತಲೆಮಾರುಗಳು ಕಳೆದ ಮೇಲಿನ ಕೃತಿಯಾದುದರಿಂದ ಆತನ ಯಥಾರೂಪವೆಂದು ಹೇಳಲಾಗದು. ಈ ಸೀಮೆಯ ಶಿಲ್ಪಿಗಳ ಸ್ಮೃತಿಯಲ್ಲಿ ಆತ ಹೇಗೆ ಉಳಿದಿದ್ದನೆಂಬುದಕ್ಕೆ ಮಾತ್ರ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚೈತ್ಯ ಶಿಥಿಲವಾಗಿ ಫಲಕಗಳು ಮಣ್ಣಿನೊಳಗೆ ಮಲಗಿದವು. ಅಗೆದು ತೆಗೆದ ಮೇಲೆಯೂ ದೀರ್ಘಕಾಲ ಅವಕ್ಕೆ ಬಯಲೇ ಗತಿಯಾಯಿತೆಂಬುದು ವ್ಯಥೆಯ ವಿಷಯ. ಮಳೆಯ ನೀರಿಗೆ ಸವೆಯುವುದು ಸುಣ್ಣಕಲ್ಲಿನ ಸ್ವಭಾವವೆಂದು ಫರಸಿ ಗಣಿಯ ಕೂಲಿಕಾರನೂ ಬಲ್ಲ. ಸನ್ನತಿಗೆ ಹೊಂದಿಕೊಂಡಂತಿರುವ, ಜನರು ರಣಮಂಡಲವೆಂದು ಕರೆಯುವ ಪ್ರಾಚೀನ ಕೋಟೆಯ ಬಯಲಂತೂ ಅಲ್ಪಭಾಗ ಮಾತ್ರ ಅಗೆಯಲ್ಪಟ್ಟಿದೆ. ಚೈತ್ಯಕ್ಕೆ ಕಾಣಿಕೆ ಕೊಟ್ಟವರು ಎಂಥ ಮನೆಗಳಲ್ಲಿದ್ದರು, ಏನನ್ನು ಉಂಡರು, ಯಾವ ಸರಕನ್ನು ನದಿ ದಾಟಿಸಿದರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದುದು ಅಲ್ಲಿಯೇ. ಆ ಬಯಲಿನ ಉತ್ಖನನವನ್ನು ಇನ್ನೊಂದು ತಲೆಮಾರಿಗೆ ಮುಂದೂಡಬಾರದು.