‘ತಡ್ಕೊ ಅವ್ವ’ ಅಂದರೆ ಸಾಕೆ?

ಬಚ್ಚಲಲ್ಲಿ ಕಾಲು ಜಾರಿತು. ಅಜ್ಜಿಗೆ ಏಳಲಾಗುತ್ತಿಲ್ಲ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ತೊಡೆಮೂಳೆ ಸೊಂಟದ ಹತ್ತಿರ ಮುರಿದಿರಬಹುದು. ಮನೆಯವರು ಏನು ಮಾಡ್ತಾರೆ? ಎಣ್ಣೆ ತಿಕ್ಕುತ್ತಾರೆ, ಎತ್ತಿ ಆಟೋದಲ್ಲಿ ಕೂರಿಸ್ತಾರೆ. ಎರಡೂ ತಪ್ಪು. ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನ್ ಮಾಡಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕರಲ್ಲೂ ತಾಲೂಕು ಆಸ್ಪತ್ರೆ ಉಂಟು. ಆದರೆ ಆಪರೇಷನ್ನಿಗೆ ಬಹಳ ಸಲ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಡಬೇಕು. ದಾರಿಯ ಒಂದೊಂದು ಹಂಪೂ ಮುರಿದ ಮೂಳೆಗೆ ಇರಿತ. ಅದಕ್ಕೇ ಹೊರಡುವ ಮುಂಚೆಯೇ ನೋವಿಗೆ ಮದ್ದು ಬೇಕು.

‘ವಯಸ್ಸಾದವರು ಇಂಜೆಕ್ಷನ್ ತಡೆಯೋಲ್ಲ’ ಅನ್ನೋ ಭಯ ಬೇಡ. ಮೊದಲು ಪ್ಯಾರಾಸಿಟಮಾಲ್. ಸಾಲದಿದ್ದರೆ ತೊಡೆಸಂದಿಯ ಹತ್ತಿರ ನರ ಮರಗಟ್ಟಿಸುವ ಇಂಜೆಕ್ಷನ್ ಇದೆ. ಕಲಿತ ವೈದ್ಯರು ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ನೋವು ಇಳಿಯುತ್ತೆ, ಮಾರ್ಫಿನ್ ಕಡಿಮೆ ಸಾಕು. ಅಂಗಡಿಯಿಂದ ತಂದ ಬ್ರೂಫೆನ್, ಡೈಕ್ಲೋಫೆನಾಕ್ ಮಾತ್ರ ನುಂಗಿಸಬೇಡಿ. ಮುಪ್ಪಿನಲ್ಲಿ ಕಿಡ್ನಿಗೂ ಹೊಟ್ಟೆಗೂ ಕಂಟಕ.

ನೋವು ನುಂಗಿ ಮಲಗಿದ ಮುದುಕರಿಗೆ ನಿದ್ದೆ ಹೋಗುತ್ತೆ, ಬುದ್ಧಿ ಭ್ರಮಣೆಯೂ ಆಗಬಹುದು. ಆದಷ್ಟೂ ಎರಡು ದಿನದೊಳಗೆ ಆಪರೇಷನ್ ಆಗಬೇಕು. ಅಲ್ಲೀತನಕ ನರಳಿಸೋದ್ಯಾಕೆ? ಎಕ್ಸ್‌ರೇ ಸಾಲಿಗೆ ನಿಲ್ಲುವ ಮುಂಚೆಯೇ ಹೇಳಿ: ‘ಡಾಕ್ಟ್ರೇ, ಮೊದಲು ನೋವಿಗೆ ಏನಾದ್ರೂ ಕೊಡಿ.’ ಕೇಳೋದಕ್ಕೆ ದುಡ್ಡು ಬೇಕಿಲ್ಲ.