ಹಳಿಗೊಬ್ಬ ಪರೀಕ್ಷಕ, ರಸ್ತೆಗೆ ಯಾರು?

ವಿದ್ಯಾರ್ಥಿಗಳೇ, ವಿಜಯನಗರ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿಯ ಮೇಲೆ ಹಾದುಹೋಗುತ್ತದೆ. ಹಿರಿಯರು ಇಂದಿಗೂ ಇದನ್ನು ಹಳೆಯ ಸಂಖ್ಯೆಯಾದ ಹದಿಮೂರರಿಂದಲೇ ಗುರುತಿಸುವುದುಂಟು. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳು ಹೊಸಪೇಟೆ–ಹರಿಹರ ರೈಲು ಮಾರ್ಗದಲ್ಲಿವೆ. ಹಡಗಲಿಗೆ ರೈಲಿಲ್ಲ, ಅಲ್ಲಿಯವರಿಗೆ ರಸ್ತೆಯೇ ಆಧಾರ. ಈ ದಾರಿಗಳಲ್ಲಿ ಸಾಗುವವರ ಪ್ರಾಣರಕ್ಷಣೆಯ ಹೊಣೆ ಯಾರದು?

ಮೊದಲು ರೈಲನ್ನು ನೋಡೋಣ. ಈ ಮಾರ್ಗವು 2003ರಲ್ಲಿ ಕಾರ್ಯಾರಂಭ ಮಾಡಿದ, ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಗೆ ಸೇರಿದೆ. ಆದರೆ ಹೊಸ ಹಳಿ ಹಾಕಿದ ಮಾತ್ರಕ್ಕೆ ರೈಲ್ವೆಯವರು ತಾವಾಗಿಯೇ ಅದರ ಮೇಲೆ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಹಳಿ, ಸೇತುವೆ, ಸಿಗ್ನಲ್‌ಗಳನ್ನು ಪರೀಕ್ಷಿಸಬೇಕು. ಈ ಆಯುಕ್ತರು ಯಾವ ಸಚಿವಾಲಯಕ್ಕೆ ಸೇರಿದವರು ಗೊತ್ತೆ? ರೈಲ್ವೆ ಸಚಿವಾಲಯಕ್ಕಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ!

ಇದು ಆಕಸ್ಮಿಕವಲ್ಲ. ಉತ್ತರಪತ್ರಿಕೆ ಬರೆದವನೇ ಅದಕ್ಕೆ ಅಂಕವನ್ನೂ ಹಾಕಿಕೊಂಡರೆ ಫಲಿತಾಂಶವನ್ನು ನಂಬುವವರು ಯಾರು? ರೈಲು ಓಡಿಸುವವರೇ ಅದರ ದೋಷವನ್ನೂ ವಿಚಾರಿಸಬಾರದೆಂಬ ಕಾರಣದಿಂದ 1941ರಲ್ಲಿ ತನಿಖಾಧಿಕಾರಿಗಳನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಲಾಯಿತು. ಪ್ರಯಾಣಿಕರ ರೈಲಿಗೆ ಅಪಘಾತವಾಗಿ ಜೀವಹಾನಿಯಾದರೆ, ಅದಕ್ಕೆ ಕಾರಣವೇನು, ಮತ್ತೆ ಹಾಗಾಗದಂತೆ ಏನು ಮಾಡಬೇಕು ಎಂದು ವಿಚಾರಣೆ ನಡೆಸುವವರೂ ಈ ಆಯುಕ್ತರೇ.

ಈಗ ರಸ್ತೆಗೆ ಬರೋಣ. ಇಲ್ಲಿ ಹೊಣೆ ಹಲವರಲ್ಲಿ ಹಂಚಿಹೋಗಿದೆ. ಕೂಡ್ಲಿಗಿಯ ಹೆದ್ದಾರಿಯನ್ನು ನೋಡಿಕೊಳ್ಳುವುದು 1988ರ ಕಾಯಿದೆಯಂತೆ ರಚನೆಯಾದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ರಾಜ್ಯ ಹೆದ್ದಾರಿಗಳು ಲೋಕೋಪಯೋಗಿ ಇಲಾಖೆಯವು. ಚಾಲನಾ ಪರವಾನಗಿ, ವಾಹನದ ಯೋಗ್ಯತಾ ಪತ್ರ ಸಾರಿಗೆ ಇಲಾಖೆಯ ಕೆಲಸ. ಕೆಎ 35 ಎಂಬುದು ಆ ಇಲಾಖೆಯ ಹೊಸಪೇಟೆ ಕಚೇರಿಯ ಗುರುತು. ಅಪಘಾತವಾದಾಗ ಮೊಕದ್ದಮೆ ಹೂಡುವವರು ಪೊಲೀಸರು.

ಪೊಲೀಸರ ಮೊದಲ ಪ್ರಶ್ನೆ 'ತಪ್ಪು ಯಾವ ಚಾಲಕನದು?' ಎಂಬುದು. ತಿರುವಿನಲ್ಲಿ ಫಲಕವಿತ್ತೆ, ಕೂಡುರಸ್ತೆ ಕಾಣುವಂತಿತ್ತೆ, ದೀಪ ಉರಿಯುತ್ತಿತ್ತೆ ಎಂಬ ಪ್ರಶ್ನೆಗಳು ಹಿಂದೆ ಬೀಳುತ್ತವೆ. ರೈಲ್ವೆಗೆ ಇರುವಂತೆ ಕಾರಣ ಹುಡುಕುವುದನ್ನೇ ಕರ್ತವ್ಯವಾಗಿ ಉಳ್ಳ ಪ್ರತ್ಯೇಕ ಆಯುಕ್ತರು ರಸ್ತೆಗಿಲ್ಲ. ಕೇಂದ್ರ ಸರಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಆದ ತಿದ್ದುಪಡಿ ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬುತ್ತದೆ. ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯ ಲೋಪದಿಂದ ಸಾವು ಸಂಭವಿಸಿದರೆ ಹೊಣೆಗಾರ ಅಧಿಕಾರಿ ಇಲ್ಲವೆ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಲಹೆ ನೀಡಲು ರಾಷ್ಟ್ರೀಯ ರಸ್ತೆ ಸುರಕ್ಷತಾ ಮಂಡಳಿಗೂ ಅವಕಾಶವಿದೆ.

ಇದರಲ್ಲಿ ನಿಮ್ಮ ಪಾತ್ರವೇನು? ಒಂದೇ ಜಾಗದಲ್ಲಿ ಪದೇ ಪದೇ ಅಪಘಾತವಾಗುತ್ತಿದ್ದರೆ ದಿನ, ವೇಳೆ, ರಸ್ತೆಯ ಸ್ಥಿತಿ ಬರೆದಿಡಿ. ಅದು ಯಾರ ರಸ್ತೆ ಎಂದು ತಿಳಿದು ಆ ಕಚೇರಿಗೇ ಅರ್ಜಿ ಕೊಡಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ತುರ್ತು ಕರೆಗೆ 112. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ರಾತ್ರಿ ನಡೆದು ಹೋಗುವಾಗ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ನಡೆಯಿರಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಹಿಂಜರಿಯಬೇಡಿ. ಸದುದ್ದೇಶದಿಂದ ನೆರವಾದವರಿಗೆ ಅದೇ ತಿದ್ದುಪಡಿ ರಕ್ಷಣೆ ನೀಡಿದೆ.

ಹಳಿಯನ್ನು ಪರೀಕ್ಷಿಸಲು ಹೊರಗಿನವರೊಬ್ಬರಿದ್ದಾರೆ. ರಸ್ತೆಗೂ ಅಂಥವರು ಬೇಕೆಂದು ಕೇಳುವುದು ನಾಗರಿಕರ ಹಕ್ಕು. ಅಲ್ಲಿಯವರೆಗೆ ಕಣ್ಣು ತೆರೆದು ನೋಡಿ ಬರೆದು ತಿಳಿಸುವುದು ನಮ್ಮೆಲ್ಲರ ಕೆಲಸ.