ಮಗುವಿನ ಮೊದಲ ಊಟ: ಚಿತ್ರ ನೋಡಿ ಮಾಡಿರಿ

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಸುತ್ತಲಿನ ಹೊಲಗಳಲ್ಲಿ ಜೋಳವೂ ಬೇಳೆಕಾಳುಗಳೂ ಬೆಳೆಯುತ್ತವೆ. 6 ತಿಂಗಳು ತುಂಬಿದ ಮಗುವಿಗೆ ಎದೆಹಾಲೊಂದೇ ಸಾಲದು. ಅದರೊಡನೆ ಕೊಡತಕ್ಕ ಆಹಾರವು ಈ ಧಾನ್ಯಗಳಲ್ಲಿಯೇ ಇದೆ.

ಮೊದಲನೆಯ ಚಿತ್ರದಲ್ಲಿ 2 ಬಟ್ಟಲು ಜೋಳ, 1 ಬಟ್ಟಲು ಹೆಸರುಬೇಳೆ ಇವೆ. ಎರಡನೆಯದರಲ್ಲಿ ಇವನ್ನು ಬೇರೆ ಬೇರೆಯಾಗಿ ಹುರಿದು ನುಣ್ಣಗೆ ಬೀಸಲಾಗಿದೆ. ಮೂರನೆಯದರಲ್ಲಿ ಕೈತೊಳೆದ ತಂದೆಯು ಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಚಿಕ್ಕ ಚಮಚದಷ್ಟು ಎಣ್ಣೆ ಬೆರೆಸುತ್ತಿದ್ದಾನೆ. ಇದು ತಾಯಿಯೊಬ್ಬಳ ಕೆಲಸವಲ್ಲ.

ನಾಲ್ಕನೆಯ ಚಿತ್ರವೇ ಮುಖ್ಯ. ಗಂಜಿಯು ಚಮಚದಿಂದ ನೀರಿನಂತೆ ಸುರಿದರೆ ಮಗುವಿನ ಹೊಟ್ಟೆ ತುಂಬುವುದು, ಮೈ ತುಂಬದು. ಚಮಚವನ್ನು ಓರೆ ಮಾಡಿದರೂ ಜಾರದಷ್ಟು ಗಟ್ಟಿಯಾಗಿರಬೇಕು. ಓದಲು ಬಾರದ ಅಜ್ಜಿಯೂ ಈ ಚಿತ್ರದಿಂದ ಹದವನ್ನು ಅರಿಯಬಲ್ಲಳು. ಆರಂಭದಲ್ಲಿ ದಿನಕ್ಕೆ 2–3 ಸಲ, 2–3 ಚಮಚದಂತೆ ಉಣ್ಣಿಸಿರಿ; 2 ವರ್ಷದವರೆಗೆ ಎದೆಹಾಲನ್ನು ಬಿಡಿಸಬೇಡಿರಿ.